ವಾಯಿದೆ ಸೀರೆ

ನಮ್ಮ ಮನೆಯ ಗೋಡೆ ಮೇಲಿದ್ದ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಮೂರು ಥರದ ಗುರುತು ಇರುತ್ತಿದ್ದವು. ಹಾಲು ಹಾಕಿಸಿಕೊಳ್ಳದ ದಿನಕ್ಕೆ ಒಂದು ಸೊನ್ನೆ. ಸೊಸೈಟಿಯಲ್ಲಿ ಸೀಮೆಎಣ್ಣೆ ಕೊಟ್ಟ ದಿನಕ್ಕೆ 'ಸೀ'. ಮೂರನೆಯದು ಹತ್ತನೇ ತಾರೀಖಿನ ಆಚೀಚೆ, ಕೆಂಪು ಶಾಯಿಯಲ್ಲಿ, 'ಬಂತು'. ಏನು ಬಂತು, ಎಷ್ಟು ಬಂತು, ಯಾರಿಂದ ಬಂತು, ಒಂದೂ ಇಲ್ಲ. ವಠಾರದವರು ಯಾರಾದರೂ ಕೇಳಿದರೆ ಅಮ್ಮ "ಚೀಟಿ ದುಡ್ಡು" ಅಂದುಬಿಡುತ್ತಿದ್ದಳು.

ಅದು ಅಪ್ಪ ಕಳಿಸುತ್ತಿದ್ದ ಜೀವನಾಂಶ. 400 ರೂಪಾಯಿ. ಅದರಲ್ಲಿ ಅಮ್ಮನದು 250, ನನ್ನದು 150. ಕೋರ್ಟ್ ಆರ್ಡರಿನಲ್ಲೇ ಹಾಗೆ ಬೇರೆ ಬೇರೆ ಬರೆದಿತ್ತು. ಹಾಗಾಗಿ ತಿಂಗಳಿಗೆ ನನ್ನ ಬೆಲೆ ಎಷ್ಟು ಅಂತ ಹತ್ತು ವರ್ಷಕ್ಕೇ ನನಗೆ ಸರಿಯಾಗಿ ಗೊತ್ತಿತ್ತು.

ಹಳೇ ಮನಿಯಾರ್ಡರ್ ಫಾರಂ ನೋಡಿದವರಿಗೆ ನೆನಪಿರುತ್ತದೆ, ಕೆಳಗೆ ಒಂದು ತುಂಡು ಇರುತ್ತಿತ್ತು, ಕಳಿಸುವವರು ಎರಡು ಮಾತು ಬರೆಯಲಿ ಅಂತ. ಪೋಸ್ಟ್‌ಮ್ಯಾನ್ ದುಡ್ಡು ಎಣಿಸಿ ಕೊಟ್ಟು, ಸಹಿ ಹಾಕಿಸಿಕೊಂಡು, ಆ ತುಂಡನ್ನು ಹರಿದು ನಮ್ಮ ಕೈಗಿಡುತ್ತಿದ್ದರು. ಬೇರೆ ಮನೆಗಳಿಗೆ ಬರುವ ತುಂಡುಗಳಲ್ಲಿ 'ನಾವೆಲ್ಲ ಕ್ಷೇಮ', 'ಹಬ್ಬಕ್ಕೆ ಬರ್ತೀನಿ, ಪಾಪುಗೆ ಸ್ವೆಟರ್ ತಗೋ' ಅಂತೆಲ್ಲ ಇರುತ್ತಿತ್ತು. ನಮ್ಮದರಲ್ಲಿ ಕೇಸ್ ನಂಬರ್. ಅಷ್ಟೇ. ನಾಳೆ ಇವಳು ದುಡ್ಡೇ ಬಂದಿಲ್ಲ ಅಂದರೆ ಸಾಕ್ಷಿಗಿರಲಿ ಅಂತ ಅವರ ವಕೀಲರು ಹೇಳಿಕೊಟ್ಟಿದ್ದಿರಬೇಕು. ಅಪ್ಪ ನಮಗೆ ಬರೆದ ಕಾಗದ ಅಂತ ಏನಾದರೂ ಇದ್ದರೆ ಅದೇ. ತಿಂಗಳಿಗೊಂದು, ಒಂದೇ ಸಾಲು, ಅದೇ ನಂಬರ್.

ಅಮ್ಮ ಅರ್ಜಿ ಹಾಕಿದ್ದು 1989ರಲ್ಲಿ. ನನಗೆ ಆಗ ಏಳು. ಹಾಸನ ಜಿಲ್ಲೆಯ ಒಂದು ಸಣ್ಣ ಊರು ನಮ್ಮದು, ಅಪ್ಪ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅವರಿಬ್ಬರೂ ಯಾಕೆ ಬೇರೆಯಾದರು ಅನ್ನುವುದು ದೊಡ್ಡ ಕತೆ, ಅದನ್ನು ಇಲ್ಲಿ ಬರೆಯಲ್ಲ. ಡೈವೋರ್ಸ್ ಅಂತೂ ಆಗಲಿಲ್ಲ, ಇಬ್ಬರಲ್ಲಿ ಯಾರೂ ಕೇಳಲೂ ಇಲ್ಲ. ಜೀವನಾಂಶಕ್ಕೆ ಡೈವೋರ್ಸ್ ಆಗಿರಲೇಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಹಾಗೇನಿಲ್ಲ. ಬಿಟ್ಟು ಹೋದರೂ ಸಾಕು. ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ ಇದ್ದದ್ದೇ ಅದಕ್ಕೆ. ಈಗ ಅದು 2024ರ ಜುಲೈ 1ರಿಂದ ಹೊಸ ಕಾನೂನಿನಲ್ಲಿ 144 ಆಗಿದೆ, ಆದರೂ ಕೋರ್ಟ್ ಕಾರಿಡಾರಿನಲ್ಲಿ ಜನ ಇನ್ನೂ "ಒನ್ ಟ್ವೆಂಟಿ ಫೈವ್ ಹಾಕಿದ್ದೀವಿ" ಅಂತಲೇ ಹೇಳುತ್ತಾರೆ.

ಅರ್ಜಿಗೆ ಮೊದಲ ವಾಯಿದೆ, ಅಂದರೆ ಕೋರ್ಟಿಗೆ ಹಾಜರಾಗುವ ತಾರೀಖು, ಬಂದಾಗ ನಮ್ಮ ವಕೀಲರು ಅಮ್ಮನಿಗೆ ಹೇಳಿದ ಮಾತು ನನಗೆ ಈಗಲೂ ಕಿವಿಯಲ್ಲಿದೆ. "ಹಳೇ ಸೀರೆ ಉಟ್ಕೊಂಡು ಬನ್ನಿ ಅಮ್ಮ. ಕೈತುಂಬ ಬಳೆ ಬೇಡ." ಅವರು ಕೆಟ್ಟವರಲ್ಲ, ಫೀಸನ್ನೂ ಪೂರ್ತಿ ತಗೊಳ್ಳಲಿಲ್ಲ. ಕಾನೂನಿನಲ್ಲಿ 'ತನ್ನನ್ನು ತಾನು ಪೋಷಿಸಿಕೊಳ್ಳಲು ಆಗದ ಹೆಂಡತಿ' ಅಂತ ಇದೆ, ನೋಡಿದವರಿಗೆ ಹಾಗೆ ಕಾಣಬೇಕು ಅಂತ ಅವರ ಲೆಕ್ಕ. ಅಮ್ಮನ ಹತ್ತಿರ ಬೂದಿ ಬಣ್ಣಕ್ಕೆ ತಿರುಗಿದ ಒಂದು ನೀಲಿ ಕಾಟನ್ ಸೀರೆ ಇತ್ತು, ಸೆರಗಿನ ಹತ್ತಿರ ಇಸ್ತ್ರಿಯ ಸುಟ್ಟ ಕಲೆ. ಅದನ್ನು ಬೇರೆ ಯಾವತ್ತೂ ಉಡುತ್ತಿರಲಿಲ್ಲ. ಮೂರು ವರ್ಷ ಅದು ಬರೀ ಕೋರ್ಟಿಗೆ ಹೋಗಿ ಬಂದು ಮಡಚಿಕೊಂಡು ಕೂತಿತು. ನಮ್ಮ ಮನೆಯಲ್ಲಿ ಅದಕ್ಕೆ ವಾಯಿದೆ ಸೀರೆ ಅಂತಲೇ ಹೆಸರು. ಅಮ್ಮ ಊರಿನ ಅರ್ಧ ಹೆಂಗಸರಿಗೆ ರವಿಕೆ ಹೊಲಿದುಕೊಡುತ್ತಿದ್ದವಳು. ಒಂದು ಹೊಲಿಗೆ ಆಚೀಚೆ ಆದರೆ ಬಿಚ್ಚಿ ಮತ್ತೆ ಹಾಕುವವಳು. ಅವಳಿಗೆ ಆ ಕಲೆಯ ಸೀರೆ ಉಟ್ಟು ಬಸ್ ಹತ್ತುವುದು ಎಷ್ಟು ಕಷ್ಟವಾಗಿರಬಹುದು ಅಂತ ನನಗೆ ತಿಳಿಯಲು ಇಪ್ಪತ್ತು ವರ್ಷ ಬೇಕಾಯಿತು. ತುಂಬಾ ಆಮೇಲೆ ಸುಪ್ರೀಂ ಕೋರ್ಟು ಚತುರ್ಭುಜ್–ಸೀತಾಬಾಯಿ ಪ್ರಕರಣದಲ್ಲಿ, ಜೀವನಾಂಶ ಕೇಳುವ ಹೆಂಡತಿ ಪೂರಾ ನಿರ್ಗತಿಕಳೇ ಆಗಿರಬೇಕಿಲ್ಲ, ಗಂಡನ ಜೊತೆ ಇದ್ದಾಗ ಹೇಗಿದ್ದಳೋ ಸುಮಾರಾಗಿ ಹಾಗೆ ಬದುಕೋಕೆ ಆಗದಿದ್ದರೆ ಸಾಕು ಅಂತ ಹೇಳಿತು. ನಮ್ಮ ವಕೀಲರಿಗೆ ಅದು ಆಗಲೇ ಗೊತ್ತಿದ್ದಿದ್ದರೆ ಇಸ್ತ್ರಿ ಕಲೆಯ ಸೀರೆಗೆ ಬಿಡುಗಡೆ ಸಿಗುತ್ತಿತ್ತೇನೋ.

ಆರ್ಡರ್ ಬಂದದ್ದು 1992ರಲ್ಲಿ. ಅದು ಆರ್ಡರಿನ ತಾರೀಖಿನಿಂದ ಜಾರಿ. ನಡುವಿನ ಮೂರು ವರ್ಷ ನಾವು ಗಾಳಿ ಕುಡಿದು ಬದುಕಿದ್ದೆವು ಅಂತ ಲೆಕ್ಕ! ಈಗ ಅದು ಬದಲಾಗಿದೆ. 2020ರ ನವೆಂಬರಿನಲ್ಲಿ ರಜನೀಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅರ್ಜಿ ಹಾಕಿದ ದಿನದಿಂದಲೇ ಕೊಡಬೇಕು ಅಂತ ಇಡೀ ದೇಶಕ್ಕೆ ಒಂದೇ ನಿಯಮ ಮಾಡಿತು.

ಇನ್ನು ಮೊತ್ತ. ಆಗ ಕಾನೂನಿನಲ್ಲಿ ಒಬ್ಬರಿಗೆ 500 ರೂಪಾಯಿಗಿಂತ ಜಾಸ್ತಿ ಕೊಡಿಸಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರವೇ ಇರಲಿಲ್ಲ. ಆ 500 ಗೊತ್ತುಮಾಡಿದ್ದು 1955ರಲ್ಲಿ. 1973ರಲ್ಲಿ ಹೊಸ ಸಂಹಿತೆ ಬರೆದವರೂ ಅದನ್ನು ಹಾಗೇ ಇಟ್ಟುಕೊಂಡರು. 2001ರಲ್ಲಿ ಕಿತ್ತು ಹಾಕುವವರೆಗೆ ಅದೇ 500. ನಲವತ್ತಾರು ವರ್ಷ! ಅಷ್ಟರಲ್ಲಿ ಅಕ್ಕಿ, ಬಸ್ ಚಾರ್ಜು, ಬಾಡಿಗೆ ಎಲ್ಲಿಂದ ಎಲ್ಲಿಗೆ ಹೋಯಿತು.

ಶಾ ಬಾನೊ ಕೇಸಿನ ಹೆಸರು ಎಲ್ಲರೂ ಕೇಳಿರುತ್ತೀರಿ. ಅದರ ರಾಜಕೀಯ ಎಲ್ಲರಿಗೂ ಗೊತ್ತು, ಮೊತ್ತ ಎಷ್ಟು ಜನಕ್ಕೆ ಗೊತ್ತು? ಇಂದೋರಿನ ಅರವತ್ತು ದಾಟಿದ ಹೆಂಗಸು, ನಲವತ್ತಕ್ಕೂ ಜಾಸ್ತಿ ವರ್ಷದ ಸಂಸಾರ, ಐದು ಮಕ್ಕಳು, ಗಂಡ ಸ್ವತಃ ವಕೀಲ. ಮ್ಯಾಜಿಸ್ಟ್ರೇಟರು ಕೊಡಿಸಿದ್ದು ತಿಂಗಳಿಗೆ 25 ರೂಪಾಯಿ. ಹೈಕೋರ್ಟು ಅದನ್ನು 179 ರೂಪಾಯಿ 20 ಪೈಸೆ ಮಾಡಿತು. ಇದರ ವಿರುದ್ಧ ಗಂಡ ಸುಪ್ರೀಂ ಕೋರ್ಟಿಗೆ ಹೋದ, 1985ರಲ್ಲಿ ಸೋತ, ಆಮೇಲೆ ದೇಶವೇ ಅಲ್ಲಾಡಿತು. ನಾನು ಲೆಕ್ಕದ ಮನುಷ್ಯಳು, ನನ್ನ ಕಣ್ಣು ಹೋಗಿ ನಿಲ್ಲುವುದು ಆ 20 ಪೈಸೆಯ ಮೇಲೆ. ಯಾರೋ ಕೂತು ಕೂಡಿ ಕಳೆದು ಭಾಗಿಸಿ ಅದನ್ನು ತಂದಿದ್ದಾರೆ. ಒಬ್ಬ ಮುದುಕಿಯ ತಿಂಗಳನ್ನು ಪೈಸೆವರೆಗೆ ಅಳೆದಿದ್ದಾರೆ.

ಆರ್ಡರ್ ಬಂದ ಮೇಲೆ ಅಪ್ಪ ಒಂದು ಪೈಸೆ ಕಳಿಸಲಿಲ್ಲ. ಅಮ್ಮ ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾದಳು. ಹದಿನಾಲ್ಕು ತಿಂಗಳು. ಆಮೇಲೆ ವಕೀಲರ ಹತ್ತಿರ ಹೋದರೆ ಅವರು ತಲೆ ಮೇಲೆ ಕೈ ಇಟ್ಟುಕೊಂಡರು. ಬಾಕಿ ವಸೂಲಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ಅದಕ್ಕಿಂತ ಹಳೆಯ ಬಾಕಿಗೆ ವಾರಂಟ್ ಸಿಗಲ್ಲ. ಎರಡು ತಿಂಗಳಿನದು, 800 ರೂಪಾಯಿ, ಸುಮ್ನೆ ಹೋಯಿತು. ಆಗ ನಮ್ಮ ಮನೆ ಬಾಡಿಗೆ 120. ಆರೂವರೆ ತಿಂಗಳ ಬಾಡಿಗೆ ಅಂತ ಅಮ್ಮ ಬೆರಳು ಮಡಚಿ ಲೆಕ್ಕ ಹಾಕಿದ್ದು ನೆನಪಿದೆ. ಇದನ್ನು ಓದುತ್ತಿರುವ ಯಾರಿಗಾದರೂ ಬಾಕಿ ಬರಬೇಕಿದ್ದರೆ ದಯವಿಟ್ಟು ಒಳ್ಳೆಯವಳಾಗಲು ಹೋಗಿ ಕಾಯಬೇಡಿ. ಆ ಒಂದು ವರ್ಷದ ಗಡುವು ಹೊಸ ಕಾನೂನಿನಲ್ಲೂ ಹಾಗೇ ಇದೆ.

ಆಮೇಲೆ ಕೋರ್ಟಿನಿಂದ ಎಫ್‌ಎಲ್‌ಡಬ್ಲ್ಯೂ ಹೋಯಿತು. ದಂಡ ವಸೂಲಿ ಮಾಡುವ ಹಾಗೆ ಜೀವನಾಂಶದ ಬಾಕಿ ವಸೂಲಿ ಮಾಡುವ ವಾರಂಟು ಅದು. ಮೊದಲ ಎರಡು ಸಲ 'ಆಸಾಮಿ ಸಿಗಲಿಲ್ಲ' ಅಂತ ವಾಪಸ್ ಬಂತು. ದಿನಾ ಎಂಟು ಗಂಟೆಗೆ ಕಾರ್ಖಾನೆಯ ಗೇಟಿನೊಳಗೆ ಹೋಗಿ ಸಂಜೆ ಹೊರಗೆ ಬರುವ ಆಸಾಮಿ ಹೇಗೆ ಸಿಗಲ್ಲವೋ ದೇವರಿಗೇ ಗೊತ್ತು. ಮೂರನೇ ಸಲ ಪೊಲೀಸಿನವರು ಗೇಟಿನ ಹತ್ತಿರವೇ ಹೋದರು. ಅವತ್ತು ಸಿಕ್ಕರು. ಕೊಡದಿದ್ದರೆ ಒಂದೊಂದು ತಿಂಗಳ ಬಾಕಿಗೂ ಒಂದು ತಿಂಗಳವರೆಗೆ ಜೈಲು ಇದೆ. ಜೈಲಿಗೆ ಹೋಗಿ ಬಂದರೂ ಸಾಲ ತೀರಿದ ಹಾಗಲ್ಲ ಅಂತ ಸುಪ್ರೀಂ ಕೋರ್ಟು 1988ರಲ್ಲೇ ಹೇಳಿತ್ತು. ಇದನ್ನೆಲ್ಲ ಯಾರು ಅವರಿಗೆ ಹೇಳಿದರೋ ಏನೋ. ಬಾಕಿ ಪೂರ್ತಿ ಕಟ್ಟಿದರು. ಅಲ್ಲಿಂದ ಮುಂದೆ ಅಪ್ಪ ಒಂದು ತಿಂಗಳೂ ತಪ್ಪಿಸಲಿಲ್ಲ. ಹತ್ತನೇ ತಾರೀಖು, ಹೆಚ್ಚೆಂದರೆ ಹನ್ನೊಂದು. ಭಾನುವಾರ ಬಿದ್ದರೆ ಸೋಮವಾರ.

ಒಂದು ರೂಪಾಯಿ ಜಾಸ್ತಿಯನ್ನೂ ಮಾಡಲಿಲ್ಲ.

2000ದ ಜೂನ್ ತಿಂಗಳಲ್ಲಿ ನನಗೆ ಹದಿನೆಂಟು ತುಂಬಿತು. ಆ ಕಾನೂನಿನಲ್ಲಿ ಮಕ್ಕಳ ಪಾಲು ಅಲ್ಲಿಗೆ ಮುಗಿಯುತ್ತದೆ. ಜುಲೈ ಹತ್ತಕ್ಕೆ ಪೋಸ್ಟ್‌ಮ್ಯಾನ್ ಬಂದು 250 ಎಣಿಸಿ ಕೊಟ್ಟರು. ಅಮ್ಮ ಮತ್ತೊಂದು ಸಲ ಎಣಿಸಿದಳು. ಆಮೇಲೆ ನನ್ನ ಮುಖ ನೋಡಿದಳು. ಹುಟ್ಟಿದ ದಿನ ಅಪ್ಪನಿಗೆ ನೆನಪಿದೆ ಅಂತ ನಮಗೆ ಗೊತ್ತಾದದ್ದು ಹಾಗೆ. ಮದುವೆಯಾಗದ ಮಗಳಿಗೆ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ ಬೇರೆ ಹಕ್ಕಿದೆ ಅನ್ನುವುದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ತಿಳಿದಿದ್ದರೂ ನಾನು ಕೇಳುತ್ತಿರಲಿಲ್ಲ ಬಿಡಿ.

ಮುಂದಿನ ವರ್ಷ 500ರ ಮಿತಿ ಹೋಯಿತು. ವಕೀಲರೇ ಹೇಳಿ ಕಳಿಸಿದರು, ಈಗ ಹೆಚ್ಚಿಸಿ ಅಂತ ಕೇಳಬಹುದು, ಪರಿಸ್ಥಿತಿ ಬದಲಾದರೆ ಮೊತ್ತ ಬದಲಾಯಿಸಲು ಸೆಕ್ಷನ್ ಇದೆ, ಅವರ ಸಂಬಳವೂ ಜಾಸ್ತಿಯಾಗಿರುತ್ತೆ ಅಂತ. ಅಮ್ಮ ಟ್ರಂಕು ತೆಗೆದು ಆ ಸೀರೆ ನೋಡಿದಳು. ಮತ್ತೆ ಮುಚ್ಚಿದಳು. "ಬರ್ತಿರೋದು ಬರಲಿ. ಮತ್ತೆ ಕೇಳೋಕೆ ಹೋದ್ರೆ ಇದೂ ನಿಲ್ಲುತ್ತೆ." ಇಷ್ಟೇ ಅವಳ ಉತ್ತರ. ನನಗೆ ಆಗ ಸಿಟ್ಟು ಬಂದಿತ್ತು. ಈಗ ಆ ಸಿಟ್ಟು ಅಮ್ಮನ ಮೇಲಿಲ್ಲ. ಕೊಡುವವರ ಸಂಬಳ ತನ್ನಷ್ಟಕ್ಕೆ ತಾನೇ ಏರುತ್ತದೆ, ಬೆಲೆ ತನ್ನಷ್ಟಕ್ಕೆ ತಾನೇ ಏರುತ್ತದೆ, ಜೀವನಾಂಶ ಮಾತ್ರ ಯಾರಾದರೂ ಹೋಗಿ ನಿಂತು ಕೇಳಿದರಷ್ಟೇ ಏರುತ್ತದೆ. ಹಾಗೆ ಹೋಗಿ ನಿಲ್ಲಬೇಕಾದವಳು ಬಸ್ ಚಾರ್ಜಿಗೆ ಲೆಕ್ಕ ಹಾಕುವವಳು. ನನ್ನ ತಕರಾರು ಇರುವುದು ಇದಕ್ಕೆ.

ನಾನು ಈಗ ಬೆಂಗಳೂರಿನಲ್ಲಿ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ರಜನೀಶ್–ನೇಹಾ ತೀರ್ಪು ಬಂದ ಮೇಲೆ ನಮ್ಮ ಆಫೀಸಿಗೆ ಹೊಸ ಥರದ ಗಿರಾಕಿಗಳು ಬರತೊಡಗಿದರು. ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚು ಎಲ್ಲದಕ್ಕೂ ಪ್ರಮಾಣಪತ್ರ ಸಲ್ಲಿಸಬೇಕು ಅಂತ ಅದರಲ್ಲಿ ಹೇಳಿದೆಯಲ್ಲ, ಆ ಫಾರಂ ತುಂಬಿಸಿಕೊಳ್ಳಲು. ಸಂಬಳ, ಪಿಎಫ್, ಎಲ್ಐಸಿ, ಷೇರು, ಕಾರು, ಕ್ರೆಡಿಟ್ ಕಾರ್ಡ್, ಮಗುವಿನ ಸ್ಕೂಲ್ ಫೀಸು, ಎಲ್ಲ ಕೇಳುತ್ತದೆ. ಒಂದು ಸಂಸಾರವನ್ನು ತಲೆಕೆಳಗೆ ಮಾಡಿ ಕೊಡವಿದ ಹಾಗೆ.

ಈ ಫಾರಂ ತುಂಬುವಾಗ ಗೊತ್ತಾಗುವುದೇನೆಂದರೆ, ಸಿಕ್ಕಿಬೀಳುವವನು ಸಂಬಳದವನು. ಕಂಪನಿ ಕೊಡುವ ಸಂಬಳ-ತೆರಿಗೆ ಲೆಕ್ಕದ ಫಾರಂ ಹದಿನಾರರಲ್ಲಿ ಎಲ್ಲ ಬೆಳ್ಳಗೆ ಕಾಣುತ್ತದೆ. ಎರಡು ಸೈಟು, ಒಂದು ಫಾರ್ಚೂನರ್ ಇಟ್ಟುಕೊಂಡ ಇನ್ನೊಬ್ಬ ಮೂರು ಲಕ್ಷದ ಐಟಿ ರಿಟರ್ನ್ ತಂದು ಮುಂದಿಡುತ್ತಾನೆ, ಸೈಟು ತಾಯಿ ಹೆಸರಲ್ಲಿ, ಗಾಡಿ ತಮ್ಮನ ಹೆಸರಲ್ಲಿ, ಮಿಕ್ಕಿದ್ದು ಕೃಷಿ ಆದಾಯ, ಅದೂ ಅಪ್ಪನದು, ನನ್ನದೇನೂ ಇಲ್ಲ ಮೇಡಂ. ಹೆಂಗಸರೂ ಕಮ್ಮಿಯಿಲ್ಲ. ಮನೆಯಿಂದಲೇ ಕೆಲಸ ಮಾಡಿ ಒಳ್ಳೆಯ ದುಡ್ಡು ನೋಡುತ್ತಿದ್ದ ಒಬ್ಬರು ಆದಾಯದ ಕಲಂನಲ್ಲಿ ಸೊನ್ನೆ ಬರೆಯಿರಿ ಅಂತ ಹಟ ಹಿಡಿದರು, ಅವರ ಬ್ಯಾಂಕ್ ಸ್ಟೇಟ್‌ಮೆಂಟ್ ನನ್ನ ಮೇಜಿನ ಮೇಲೇ ಇತ್ತು. ನಮ್ಮ ಆಡಿಟರು ಕೈಮುಗಿದು ಕಳಿಸಿದರು. ಇನ್ನು ಗಂಡಸರೆಲ್ಲ ಬಾಯಿಪಾಠ ಮಾಡಿಕೊಂಡು ಬರುವ ಮಾತೊಂದಿದೆ: "ಶೇಕಡಾ 25 ಅಂತ ರೂಲ್ ಇದೆಯಂತೆ?" ಅಂಥ ರೂಲ್ ಇಲ್ಲ. 2017ರಲ್ಲಿ ಬಂಗಾಳದ ಒಂದು ಪ್ರಕರಣದಲ್ಲಿ ಗಂಡನ ಕೈಗೆ ಬರುವ ಸಂಬಳದ ಶೇ 25 ಸರಿಯಾದ ಮೊತ್ತ ಅಂತ ಸುಪ್ರೀಂ ಕೋರ್ಟು ಹೇಳಿತು, ಅದು ವಾಟ್ಸ್ಆಪಿನಲ್ಲಿ ಓಡಾಡಿ ಕಾನೂನಾಗಿಬಿಟ್ಟಿದೆ.

ಕೊಡುವವನ ಕಷ್ಟವನ್ನೂ ನಾನು ಹತ್ತಿರದಿಂದ ನೋಡಿದ್ದೇನೆ. ನಮ್ಮ ದೊಡ್ಡಮ್ಮನ ಮಗ. ಸಾಫ್ಟ್‌ವೇರ್ ಕೆಲಸ, ಆರು ವರ್ಷದ ಮದುವೆ, ಮಕ್ಕಳಿಲ್ಲ. ಅವಳು ಇವನ ಜೊತೆ ಹೊರದೇಶಕ್ಕೆ ಹೋಗಲು ಕೆಲಸ ಬಿಟ್ಟಿದ್ದಳು, ವಾಪಸ್ ಬಂದಾಗ ಅವಳ ಜೊತೆಯವರೆಲ್ಲ ಎರಡು ಮೆಟ್ಟಿಲು ಮೇಲಿದ್ದರು. ಇಬ್ಬರೂ ಒಪ್ಪಿ ಡೈವೋರ್ಸ್ ತಗೊಂಡರು. ಅವಳ ಕಡೆಯವರು ಒಂದೇ ಸಲಕ್ಕೆ 60 ಲಕ್ಷ ಅಂದರು, ಇವನು 15 ಅಂದ, ಸಂತೆಯ ಹಾಗೆ ಏರಿಳಿದು 32ಕ್ಕೆ ನಿಂತಿತು. ನನಗೆ ಆ ಚೌಕಾಸಿ ನೋಡಿ ಹೊಟ್ಟೆ ತೊಳಸಿತು. ತಿಂಗಳು ತಿಂಗಳು ಕೊಡು, ಇಷ್ಟು ಸಾಲ ಮಾಡಬೇಡ ಅಂದೆ. ಅವನು ಹೇಳಿದ, "ಇಲ್ಲ ಅಕ್ಕ. ಪ್ರತಿ ತಿಂಗಳು ಬ್ಯಾಂಕ್ ಮೆಸೇಜಲ್ಲಿ ಆ ಹೆಸರು ನೋಡೋಕೆ ನನ್ನ ಕೈಲಾಗಲ್ಲ." ಸಾಲ ಮಾಡಿಯೇ ಕೊಟ್ಟ. ಈಗ ಆ ಸಾಲದ ಕಂತು ಪ್ರತಿ ತಿಂಗಳು ಹೋಗುತ್ತದೆ, ಬ್ಯಾಂಕಿನ ಹೆಸರಿನಲ್ಲಿ. ಗಂಡನೂ ಹೆಂಡತಿಯಿಂದ ಜೀವನಾಂಶ ಕೇಳಬಹುದು, ಹಿಂದೂ ವಿವಾಹ ಕಾಯ್ದೆಯ 24 ಮತ್ತು 25ನೇ ಸೆಕ್ಷನ್ನಿನಲ್ಲಿ ಅದಕ್ಕೆ ಜಾಗ ಇದೆ ಅಂತ ಹೇಳಿದಾಗ ಅವನು ತುಂಬಾ ದಿನದ ಮೇಲೆ ಜೋರಾಗಿ ನಕ್ಕಿದ್ದ.

2024ರಲ್ಲಿ ನಮ್ಮ ಹೈಕೋರ್ಟಿನ ಒಂದು ವಿಚಾರಣೆಯ ವಿಡಿಯೊ ಎಲ್ಲರ ಫೋನಿಗೂ ಬಂತು, ನೆನಪಿದೆಯಾ? ಹೆಂಡತಿ ತಿಂಗಳಿಗೆ ಆರು ಲಕ್ಷದ ಮೇಲೆ ಕೇಳಿದ್ದು, ಅಷ್ಟು ಖರ್ಚು ಮಾಡಬೇಕೆಂದರೆ ದುಡಿಯಲಿ ಅಂತ ನ್ಯಾಯಮೂರ್ತಿಗಳು ಹೇಳಿದ್ದು. ಸರಿಯಾಗೇ ಹೇಳಿದರು. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಮೂರು ದಿನ ಅದೇ ನಗು. ಅದೇ ವಾರ ನಮ್ಮ ರಸ್ತೆಯಲ್ಲಿ ಮೂರು ಮನೆಗೆ ಅಡುಗೆ ಮಾಡುವ ಒಬ್ಬಾಕೆ ತನ್ನ ಆರ್ಡರ್ ಕಾಪಿ ತಂದು ತೋರಿಸಿದಳು, ಏನು ಬರೆದಿದೆ ಓದಿ ಅಕ್ಕ ಅಂತ. ತಿಂಗಳಿಗೆ 3,000. ಏಳು ತಿಂಗಳಿಂದ ಬಂದಿಲ್ಲ. ರೇಷನ್ ಕಾರ್ಡ್ ಇನ್ನೂ ಗಂಡನ ಮನೆಯಲ್ಲೇ, ಯಜಮಾನಿ ಅತ್ತೆ. ಹಾಗಾಗಿ ಗೃಹಲಕ್ಷ್ಮಿಯ 2,000 ಅತ್ತೆಯ ಅಕೌಂಟಿಗೆ ಹೋಗುತ್ತದೆ. ಇವಳಿಗೆ ಗಂಡನದೂ ಇಲ್ಲ, ಸರ್ಕಾರದ್ದೂ ಇಲ್ಲ. ಇದರ ವಿಡಿಯೊ ಯಾರೂ ಮಾಡಲ್ಲ. ಒಂದು ವರ್ಷದ ಗಡುವಿನ ಮಾತು ಹೇಳಿ, ಉಚಿತ ಕಾನೂನು ನೆರವಿಗೆ ಎಲ್ಲಿ ಹೋಗಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ಟೆ. ಯಾವ ಸೀರೆ ಉಟ್ಟುಕೊಂಡು ಹೋಗಲಿ ಅಂತ ಅವಳು ಕೇಳಲಿಲ್ಲ, ಸದ್ಯ.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಒಂದು ಪ್ರಕರಣದಲ್ಲಿ ತಿಂಗಳಿಗೆ 50,000 ಕೊಡಿಸಿ, ಎರಡು ವರ್ಷಕ್ಕೊಮ್ಮೆ ಅದು ಶೇ 5 ಏರಬೇಕು ಅಂತ ಆರ್ಡರಿನಲ್ಲೇ ಬರೆಯಿತು. ಜನ 50,000ದ ಬಗ್ಗೆ ಮಾತಾಡಿದರು. ನನಗೆ ಖುಷಿಯಾದದ್ದು ಆ ಶೇ 5 ನೋಡಿ. ಕೇಳದೇ ಏರುವ ದುಡ್ಡು. 3,000ದ ಆರ್ಡರುಗಳಲ್ಲೂ ಆ ಒಂದು ಸಾಲು ತಾನಾಗೇ ಬರುವ ಹಾಗಾದರೆ ಎಷ್ಟು ಜನ ಹೆಂಗಸರ ಎಷ್ಟು ವಾಯಿದೆ ಉಳಿಯುತ್ತದೆ! ಅಮ್ಮನ 250ಕ್ಕೆ ಆ ಲೆಕ್ಕ ಹಾಕಿ ನೋಡಿದೆ. ಹದಿನೇಳು ವರ್ಷಕ್ಕೆ 370ರ ಹತ್ತಿರ ಬರುತ್ತದೆ. ಅಷ್ಟೇನಾ ಅನ್ನಿಸಿತು.

ಹದಿನೇಳು ವರ್ಷ ಯಾಕೆಂದರೆ, 2009ರಲ್ಲಿ ಅದು ನಿಂತಿತು. ಸೆಪ್ಟೆಂಬರ್ ಹತ್ತು ಹೋಯಿತು, ಹನ್ನೊಂದು ಹೋಯಿತು, ಹದಿನೈದಾಯಿತು. ನಾನು ಫೋನಿನಲ್ಲಿ ಹಾರಾಡಿದೆ, ಮತ್ತೆ ಶುರು ಮಾಡಿದರು ನೋಡು, ಈ ಸಲ ಬಿಡಬಾರದು ಅಂತ. ಅಮ್ಮ ಆ ಕಡೆಯಿಂದ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರಿಗೆ ಏನೋ ಆಗಿದೆ ಕಣೇ" ಅಂದಳು. ನಾಲ್ಕು ದಿನದ ಮೇಲೆ ಅಪ್ಪನ ಅಣ್ಣನ ಮಗ ಊರಿಗೇ ಬಂದು ಹೇಳಿಹೋದ. ಆಗಸ್ಟ್ ಕೊನೆಯಲ್ಲೇ ಹೋಗಿದ್ದರು. ಹೃದಯಾಘಾತ. ರಿಟೈರ್ ಆಗಿ ಎರಡು ವರ್ಷವಾಗಿತ್ತು. ಆ ಎರಡು ವರ್ಷ, ಬರುತ್ತಿದ್ದ ಸಣ್ಣ ಪಿಎಫ್ ಪಿಂಚಣಿಯಲ್ಲೇ 250 ತೆಗೆದು ಕಳಿಸಿದ್ದರು.

ಪಿಎಫ್ ಪಿಂಚಣಿಯಲ್ಲಿ ಪಿಂಚಣಿದಾರ ತೀರಿಕೊಂಡರೆ ಹೆಂಡತಿಗೆ ಅರ್ಧ ಬರುತ್ತದೆ. ಅಮ್ಮ ಕಾನೂನಿನ ಪ್ರಕಾರ ಹೆಂಡತಿಯೇ. ಆದರೆ ಅಪ್ಪ ತಮ್ಮ ಕಾಗದಪತ್ರಗಳಲ್ಲಿ ಹೆಂಡತಿಯ ಕಲಂ ಖಾಲಿ ಬಿಟ್ಟಿದ್ದರು. ಮದುವೆಗೆ ಏನು ದಾಖಲೆ ಅಂತ ಕೇಳಿದರು. 1976ರ ಹಳ್ಳಿ ಮದುವೆ, ಲಗ್ನಪತ್ರಿಕೆ ಯಾರ ಹತ್ತಿರ ಇರುತ್ತೆ? ಟ್ರಂಕಿನಲ್ಲಿ ಹುಡುಕಿದಾಗ ವಾಯಿದೆ ಸೀರೆಯ ಕೆಳಗೆ 1992ರ ಆರ್ಡರಿನ ಸರ್ಟಿಫೈಡ್ ಕಾಪಿ ಸಿಕ್ಕಿತು. ಎರಡನೇ ಪುಟದಲ್ಲಿ, ಅರ್ಜಿದಾರಳನ್ನು ಮದುವೆಯಾಗಿರುವುದನ್ನು ಎದುರುದಾರನು ಒಪ್ಪಿಕೊಂಡಿದ್ದಾನೆ ಅಂತ ಸ್ಪಷ್ಟವಾಗಿ ಟೈಪ್ ಮಾಡಿತ್ತು. ಅದರ ಜೊತೆಗೆ ದಾರ ಕಟ್ಟಿಟ್ಟಿದ್ದ ಮನಿಯಾರ್ಡರ್ ತುಂಡುಗಳು. ಎಲ್ಲದರ ಮೇಲೂ ಅದೇ ಕೇಸ್ ನಂಬರ್. ಅಷ್ಟು ಸಾಕಾಯಿತು. ಕೆಲವು ತಿಂಗಳ ಓಡಾಟದ ಮೇಲೆ 640 ರೂಪಾಯಿ ಮಂಜೂರಾಯಿತು. ಬದುಕಿದ್ದಾಗ ಒಂದು ತಿಂಗಳೂ ಇಷ್ಟು ಕಳಿಸಿರಲಿಲ್ಲ. 2014ರಲ್ಲಿ ಕನಿಷ್ಠ ಪಿಂಚಣಿ 1,000 ಮಾಡಿದರು. ಯಾರೂ ಹೋಗಿ ಕೇಳಿರಲಿಲ್ಲ, ಅಮ್ಮನದೂ ತಾನಾಗೇ 1,000 ಆಯಿತು.

ಅಮ್ಮನಿಗೆ ಈಗ ಎಪ್ಪತ್ತು. ಕ್ಯಾಲೆಂಡರಿನಲ್ಲಿ 'ಸೀ' ಹೋಗಿದೆ, ಸೊನ್ನೆ ಇದೆ, 'ಬಂತು' ಇದೆ. ಪಿಂಚಣಿ ನಿಲ್ಲದೆ ಬರಬೇಕಾದರೆ ವರ್ಷಕ್ಕೊಂದು ಸಲ ಬ್ಯಾಂಕಿಗೆ ಹೋಗಿ, ಮಷೀನ್ ಮೇಲೆ ಬೆರಳಿಟ್ಟು, ಬದುಕಿದ್ದೀನಿ ಅಂತ ತೋರಿಸಬೇಕು. ನವೆಂಬರಿನಲ್ಲಿ ನಾನು ಊರಿಗೆ ಹೋಗಿ ಕರೆದುಕೊಂಡು ಹೋಗುತ್ತೇನೆ. ಹೋದ ಸಲ ಬ್ಯಾಂಕ್ ತೆಗೆಯುವ ಹೊತ್ತಾದರೂ ಅವಳು ಒಳಗಿನಿಂದ ಬರಲಿಲ್ಲ, ಹೋಗಿ ನೋಡಿದರೆ ಮೈಸೂರು ಸಿಲ್ಕ್ ಉಟ್ಟು, ಕನ್ನಡಿ ಮುಂದೆ ನಿಂತು ಬಳೆ ಹಾಕಿಕೊಳ್ಳುತ್ತಿದ್ದಳು. ಎರಡೂ ಕೈಗೆ, ತುಂಬಾ.